ಹೆಶನ್ ಓಣಿಯ ಗೇಟು

“ಎಡಕ್ಕಲ್ಲ ಕಣ್ರೋ, ಬಲಕ್ಕೆ! ಬಲಕ್ಕೆ ತಿರುಗಿಸಿ!” ಎಂದು ಫಿಂಟನ್ ನೂನ್ ಕೂಗಿಕೊಂಡ. ಆದರೆ ಶವಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟವನು ಸತ್ತವನ ಸ್ವಂತ ತಮ್ಮ ಕಾಲ್ಮನ್. ಅವನು ಆಗಲೇ ಎಡಕ್ಕೆ ಹೆಜ್ಜೆ ಇಟ್ಟಾಗಿತ್ತು. ಮುಂದಿನವನು ತಿರುಗಿದರೆ ಉಳಿದ ಐವರೂ ತಿರುಗಲೇಬೇಕು. ಹೆಣ ಹೊರುವವರಿಗೆ ಸ್ವಂತ ಅಭಿಪ್ರಾಯ ಇಟ್ಟುಕೊಳ್ಳುವ ಅನುಕೂಲವಿಲ್ಲ.

ನಮ್ಮೂರು ಕಿಲ್ಕಾರನ್ನಿನ ಪಬ್ಬೂ ಫಿಂಟನ್ನನದೇ, ಶವದ ಗಾಡಿಯೂ ಅವನದೇ. ಇದ್ದಾಗ ಕುಡಿಸುತ್ತಾನೆ, ಹೋದಾಗ ಸಾಗಿಸುತ್ತಾನೆ ಎಂದು ಊರವರು ಆಡಿಕೊಳ್ಳುವುದುಂಟು. ಕವಲುರಸ್ತೆಯಲ್ಲಿ ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸಿ, ನೂರು ಹೆಜ್ಜೆ ಹೆಗಲ ಮೇಲೆ ಹೊತ್ತು, ಮತ್ತೆ ಗಾಡಿಗೆ ಏರಿಸುವುದು ನಮ್ಮ ಕಡೆಯ ರೂಢಿ. ಆ ನೂರು ಹೆಜ್ಜೆಯಲ್ಲೇ ಕಾಲ್ಮನ್ ಕೈಚಳಕ ತೋರಿಸಿದ್ದ.

“ಅಲ್ಲಿ ಗೇಟಿಗೆ ಬೀಗ ಇದೆ ಮಾರಾಯ! ನನ್ನ ಗಾಡಿ ಏನು ಹಾರಿಕೊಂಡು ಹೋಗುತ್ತಾ?”

“ನಿನ್ನ ಗಾಡಿ ಯಾರಿಗೆ ಬೇಕಾಗಿತ್ತು? ನಮಗೆ ಹೆಗಲಿದೆ.”

ಎಡಕ್ಕೆ ಹೋದರೆ ಹೆಶನ್ ಓಣಿಯಲ್ಲಿ ಅರ್ಧ ಮೈಲಿ, ನೆಟ್ಟಗೆ ಪಾಳುಮಠದ ಸ್ಮಶಾನ. ಬಲಕ್ಕೆ ಹೋದರೆ ಲಾರಿಗಳ ಹೆದ್ದಾರಿಯಲ್ಲಿ ನಾಲ್ಕು ಮೈಲಿ ಸುತ್ತು. ಸತ್ತವರು ಯಾವಾಗಲೂ ಬಲಕ್ಕೇ ಹೋಗುತ್ತಿದ್ದರು. ಓಣಿಯ ಒಡೆಯ ಮೆಲಕಿ ಹೆಶನ್ ಗೇಟಿಗೆ ಬೀಗ ಜಡಿದ ಮೇಲೆ, ಇಪ್ಪತ್ತೆರಡು ವರ್ಷದಿಂದ ಬದುಕಿದ್ದವರೂ ಬಲಕ್ಕೇ ಹೋಗುತ್ತಿದ್ದರು.

ಹೆಣ ಹಾದ ದಾರಿ ಊರ ದಾರಿ ಎಂಬುದು ಇಲ್ಲಿಯ ಹಳೆಯ ಮಾತು. ಒಂದು ಸಲ ಹಾದರೆ ಸಾಕು, ಆಮೇಲೆ ಯಾವ ಒಡೆಯನೂ ಅದಕ್ಕೆ ಅಡ್ಡ ನಿಲ್ಲುವಂತಿಲ್ಲ. ಕಾನೂನಿನ ಪುಸ್ತಕದಲ್ಲಿ ಹಾಗೇನೂ ಬರೆದಿಲ್ಲ ಎಂದು ವಕೀಲರು ಹೇಳುತ್ತಾರೆ. ಪುಸ್ತಕ ಡಬ್ಲಿನ್ನಿನಲ್ಲಿದೆ, ಓಣಿ ಇಲ್ಲಿದೆ. ಅದಕ್ಕೇ ಮೆಲಕಿಯ ಅಪ್ಪ ಮಗನಿಗೆ, ಯಾರನ್ನು ಬೇಕಾದರೂ ಒಳಗೆ ಬಿಡು, ಹೆಣವನ್ನು ಮಾತ್ರ ಬಿಡಬೇಡ ಎಂದು ಹೇಳಿಹೋಗಿದ್ದ.

ಇದೆಲ್ಲ ಚೆನ್ನಾಗಿ ಗೊತ್ತಿದ್ದೇ ಈಗ ಪೆಟ್ಟಿಗೆಯಲ್ಲಿ ಮಲಗಿದ್ದ ಜಾರ್ಲತ್ ಟಾರ್ಪಿ ಸಾಯುವ ಮುಂಚೆ ಒಂದು ನಕ್ಷೆಯ ಬೆನ್ನಿಗೆ ಬರೆದಿಟ್ಟಿದ್ದ: ‘ನನ್ನನ್ನು ಹೆಶನ್ ಓಣಿಯಲ್ಲೇ ಹೊತ್ತುಕೊಂಡು ಹೋಗಿ.’ ಮನೆಗೆ ಹೆಣ ನೋಡಲು ಬಂದವರೆಲ್ಲ ಅದನ್ನು ಓದಿ, ಚಹಾದ ಲೋಟ ಹಿಡಿದುಕೊಂಡೇ ನಕ್ಕಿದ್ದರು. ಇದ್ದಾಗ ಗೆಲ್ಲಲಾಗದ ಜಗಳವನ್ನು ಸತ್ತು ಗೆಲ್ಲಲು ಹೊರಟಿದ್ದಾನೆ, ಕಿಲಾಡಿ.

ಈಗ ಎಲ್ಲರೂ ಅವನ ಹೆಂಡತಿ ಅಟ್ರಾಕ್ಟಳ ಮುಖ ನೋಡಿದರು. ಅವಳು ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

“ಏನು ಮಾಡೋಣ ಅಟ್ರಾಕ್ಟ? ನೀವು ಹೇಳಿದ ಹಾಗೆ,” ಎಂದರು ಫಾದರ್ ಲೋಹನ್.

“ಗೇಟಿನ ತನಕ ನಡೀರಿ ಫಾದರ್. ಆಮೇಲಿನ ಮಾತು ನಾನಾಡ್ತೀನಿ.”

*

ಜಾರ್ಲತ್‌ನದು ಹೇಳಿಕೊಳ್ಳುವಂಥ ಬದುಕೇನಲ್ಲ. ಅಪ್ಪನ ಕುಲುಮೆಯನ್ನು ಸೈಕಲ್ ಅಂಗಡಿ ಮಾಡಿಕೊಂಡ. ಕುದುರೆಗೆ ಲಾಳ ಹೊಡೆಯುತ್ತಿದ್ದ ಜಾಗದಲ್ಲಿ ಕೂತು ಪಂಕ್ಚರ್ ಹಾಕಿದ, ಚೈನು ಬಿಗಿದ, ಬೇಸಿಗೆಯಲ್ಲಿ ಪ್ರವಾಸಿಗಳಿಗೆ ಸೈಕಲ್ ಬಾಡಿಗೆಗೆ ಕೊಟ್ಟ. ಆದರೆ ಅವನಿಗೊಂದು ಮರುಳಿತ್ತು. ಇಪ್ಪತ್ತೆಂಟು ಮೈಲಿಯ ಒಂದು ದಾರಿಯನ್ನು ತಾನೇ ಹುಡುಕಿ, ಮರದ ಹಲಗೆಗಳಿಗೆ ತಾನೇ ಬಣ್ಣ ಬಳಿದು, ಮೂಲೆಮೂಲೆಗೆ ಬಾಣದ ಗುರುತು ನೆಟ್ಟಿದ್ದ. ಪವಿತ್ರ ಬಾವಿ, ಗೂನು ಸೇತುವೆ, ಬರಗಾಲದಲ್ಲಿ ಖಾಲಿಯಾಗಿ ಬರೀ ಗೋಡೆ ಉಳಿದ ಹಳ್ಳಿ, ಸರೋವರದ ದಂಡೆ, ಎಲ್ಲವನ್ನೂ ಹಾದು ಆ ದಾರಿ ಮತ್ತೆ ಅವನ ಅಂಗಡಿಯ ಮುಂದೆಯೇ ಬಂದು ಮುಗಿಯುತ್ತಿತ್ತು.

“ಅರ್ಜೆಂಟಿದೆಯಾ?” ಎಂದು ಬಂದವರನ್ನು ಮೊದಲೇ ಕೇಳುತ್ತಿದ್ದ. ಹೌದೆಂದವರಿಗೆ ಸೈಕಲ್ ಇಲ್ಲ. “ಹಾಗಾದ್ರೆ ಬಸ್ಸಿದೆ, ಹನ್ನೊಂದು ಗಂಟೆಗೆ.”

ದಾರಿಯ ಕಿರೀಟವೆಂದರೆ ಹೆಶನ್ ಓಣಿ. ಎರಡೂ ಕಡೆ ಮುಳ್ಳುಬೇಲಿ ಬಿಳಿ ಹೂ ಬಿಟ್ಟು ತಲೆಯ ಮೇಲೆ ಕೂಡಿಕೊಂಡಿರುತ್ತದೆ; ಏನೂ ಕಾಣುವುದಿಲ್ಲ. ಕೊನೆಯ ತಿರುವಿನಲ್ಲಿ ಬೇಲಿ ಮುಗಿದರೆ ಎದುರಿಗೇ ಮಠ, ಸೂರಿಲ್ಲದ ಕಮಾನುಗಳ ತುಂಬ ಆಕಾಶ. ಆ ಒಂದು ತಿರುವಿಗಾಗಿಯೇ ಉಳಿದ ಮೈಲಿಗಳನ್ನೆಲ್ಲ ಜೋಡಿಸಿದ್ದು ಎಂದು ಜಾರ್ಲತ್ ಹೇಳುತ್ತಿದ್ದ. ಮೆಲಕಿ ಅವನ ಜೊತೆ ಶಾಲೆಯ ಒಂದೇ ಬೆಂಚಿನಲ್ಲಿ ಕೂತವನು. ಗೇಟು ಹಾಕಿಕೊಂಡು ಹೋಗುವುದಾದರೆ ಯಾರು ಬೇಕಾದರೂ ಹೋಗಲಿ ಎಂದಿದ್ದ. ಇದ್ದದ್ದು ಅದೊಂದೇ ಷರತ್ತು.

ಒಂದು ಮೇ ತಿಂಗಳಲ್ಲಿ ಜಾರ್ಲತ್ ನಾಲ್ವರು ಡಚ್ಚರನ್ನು ಕರೆದುಕೊಂಡು ಓಣಿ ದಾಟಿದ. ಗೇಟು ತೆರೆದೇ ಉಳಿಯಿತು. ಮೆಲಕಿಯ ಗಬ್ಬದ ಕಡಸು ಹೊರಗೆ ನುಗ್ಗಿ, ಜೌಗಿನ ಗುಂಡಿಗೆ ಬಿದ್ದು, ಸಂಜೆಯ ಹೊತ್ತಿಗೆ ಸತ್ತುಹೋಗಿತ್ತು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡೇ ಮೆಲಕಿ ಅಂಗಡಿಯ ಬಾಗಿಲಲ್ಲಿ ಬಂದು ನಿಂತ.

“ಗೇಟು ಬಿಟ್ಟು ಹೋದವರು ಯಾರು ಜಾರ್ಲತ್?”

“ಡಚ್ಚರು,” ಎಂದ ಜಾರ್ಲತ್, ಚೈನಿನಿಂದ ತಲೆ ಎತ್ತದೆ. “ಇಷ್ಟೊತ್ತಿಗೆ ಗಾಲ್ವೇ ದಾಟಿರ್ತಾರೆ.”

ಮೆಲಕಿ ಮೊಣಕಾಲಿನ ಕೆಸರನ್ನು ಕೈಯಿಂದ ಒರೆಸಿದ. “ಡಚ್ಚರಾ,” ಎಂದ. “ಸರಿ.” ಅಷ್ಟೇ ಹೇಳಿ ಹೋದವನು ಆವತ್ತೇ ಬೀಗ ಹಾಕಿದ.

ಅಂದಿನಿಂದ ಸೈಕಲ್ಲಿನವರು ಹೆದ್ದಾರಿಯಲ್ಲಿ ಲಾರಿಗಳ ಗಾಳಿ ತಿನ್ನುತ್ತ ಹೋಗಬೇಕಾಯಿತು. ಬೇಸಿಗೆ ಬಂತೆಂದರೆ ಜಾರ್ಲತ್ ಬೆಳಿಗ್ಗೆಯೇ ಲಾರಿಯವರ ಕಣ್ಣಿಗೆ ಬೀಳುವಂಥ ಹಳದಿ ಅಂಗಿ ತೊಟ್ಟು ಕವಲುರಸ್ತೆಯಲ್ಲಿ ನಿಲ್ಲುತ್ತಿದ್ದ. ಬಂದವರಿಗೆಲ್ಲ “ಎಡ ಅಂಚು ಬಿಡಬೇಡಿ, ಒಬ್ಬರ ಹಿಂದೆ ಒಬ್ಬರು ಹೋಗಿ” ಎಂದು ಹೇಳುತ್ತಿದ್ದ. ಇಪ್ಪತ್ತೆರಡು ಬೇಸಿಗೆ ಹಾಗೆ ನಿಂತ. ಒಂದು ದಿನವೂ ತಪ್ಪಿಸಲಿಲ್ಲ, ಇದು ಯಾಕೆ ಎಂದು ಯಾರೂ ಕೇಳಲಿಲ್ಲ.

*

ಮೆರವಣಿಗೆ ಎಡದಾರಿಯಲ್ಲಿ ನಿಧಾನವಾಗಿ ಸಾಗಿತ್ತು. ಕೊನೆಯಲ್ಲಿ ಎಂಟು ಹತ್ತು ಮಂದಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಅವರ ನಡುವೆ ಆವತ್ತೇ ಊರಿಗೆ ಬಂದಿದ್ದ ಜರ್ಮನಿಯ ಗಂಡಹೆಂಡಿರೂ ಇದ್ದರು. ಬಾಡಿಗೆ ಸೈಕಲ್ ಕೇಳಿಕೊಂಡು ಬಂದವರ ಕೈಗೆ ಯಾರೋ ಸೈಕಲ್ಲನ್ನೂ ಕೊಟ್ಟು ಸ್ಯಾಂಡ್‌ವಿಚ್ಚನ್ನೂ ಕೊಟ್ಟು ಸಾಲಿಗೆ ಸೇರಿಸಿಬಿಟ್ಟಿದ್ದರು.

“ಮೆಲಕಿ ಹೆಣ ನೋಡೋಕೂ ಬರಲಿಲ್ಲ, ಚರ್ಚಿನ ಪೂಜೆಗೂ ಬರಲಿಲ್ಲ,” ಎಂದಳು ಅಟ್ರಾಕ್ಟಳ ಪಕ್ಕದಲ್ಲಿ ನಡೆಯುತ್ತಿದ್ದ ನೆರೆಮನೆಯ ಕನ್ಸೆಪ್ಟ. “ಒಂದು ಕಡಸಿಗೆ ಇಷ್ಟು ಹಟವಾ? ಕಲ್ಲು ಕೂಡ ಕರಗುತ್ತಪ್ಪ.”

“ಸುಮ್ಮನಿರೇ.”

“ನಿನ್ನ ಚೀಲದಿಂದ ಏನೋ ಸೋರ್ತಿದೆ ನೋಡು.”

ಅಟ್ರಾಕ್ಟ ಚೀಲ ತೆರೆದಳು. ಸತ್ತವನ ಬದುಕಿನ ವಸ್ತುಗಳೆಂದು ಪೂಜೆಯಲ್ಲಿ ಪೀಠದ ಮುಂದೆ ಒಂದು ಸ್ಪ್ಯಾನರ್, ಒಂದು ನಕ್ಷೆ, ಅವನ ಎಣ್ಣೆ ಕುಪ್ಪಿ ಇಟ್ಟಿದ್ದರು. ಕುಪ್ಪಿ ಬಿಳಿ ಬಟ್ಟೆಯ ಮೇಲೆ ಜಿನುಗುವುದನ್ನು ಕಂಡು ಅವಳೇ ಎತ್ತಿ ಚೀಲಕ್ಕೆ ಹಾಕಿಕೊಂಡಿದ್ದಳು. ಈಗ ಕರವಸ್ತ್ರವೆಲ್ಲ ಕಪ್ಪಾಗಿತ್ತು. ಸತ್ತ ಮೇಲೂ ಬಟ್ಟೆ ಕೊಳೆ ಮಾಡುವುದನ್ನು ಬಿಟ್ಟಿಲ್ಲ ಎಂದುಕೊಂಡಳು. ಕುಪ್ಪಿಯನ್ನು ಅದೇ ಕರವಸ್ತ್ರದಲ್ಲಿ ಸುತ್ತಿ ಮತ್ತೆ ಚೀಲಕ್ಕೆ ಹಾಕಿದಳು.

ಓಣಿಯ ಮೊದಲ ತಿರುವು ದಾಟಿದಾಗ ಗೇಟು ಕಾಣಿಸಿತು. ಗೇಟಿನ ಒಳಗೆ ಮೆಲಕಿ ನಿಂತಿದ್ದ. ಕರಿ ಕೋಟು ತೊಟ್ಟಿದ್ದ, ಗಡ್ಡ ಹೆರೆದುಕೊಂಡಿದ್ದ.

*

ಈ ಮಾರ್ಚಿನಲ್ಲಿ, ಉಸಿರು ಮೇಲಕ್ಕೂ ಕೆಳಕ್ಕೂ ಎಳೆದಾಡುತ್ತಿದ್ದ ಒಂದು ಮಧ್ಯಾಹ್ನ, ಜಾರ್ಲತ್ ಹೆಂಡತಿಯನ್ನು ಹತ್ತಿರ ಕರೆದಿದ್ದ.

“ಅವತ್ತು ಗೇಟು ಬಿಟ್ಟೋನು ನಾನೇ ಕಣೇ.”

ಅವಳು ಗಂಜಿಯ ಬಟ್ಟಲನ್ನು ಕೆಳಗಿಟ್ಟಳು.

“ಕೊನೇಲಿ ಇದ್ದೋನು ನಾನು. ಮುಂದೆ ಆ ತಿರುವು ಬರ್ತಿತ್ತು. ಅದನ್ನ ನೋಡಿದಾಗ ಅವರ ಮುಖ ಹೇಗಾಗುತ್ತೆ ಅಂತ ನಾನು ನೋಡಬೇಕಾಗಿತ್ತು. ಓಡಿದೆ. ಗೇಟು ಮರೆತೇಹೋಯ್ತು.”

“ಮೆಲಕಿ ಬಂದು ಕೇಳಿದಾಗ ಹೇಳಬೇಕಾಗಿತ್ತಲ್ಲ!”

“ಬಾಯಿಗೆ ಡಚ್ಚರು ಬಂದುಬಿಟ್ರು. ಒಂದು ಸಲ ಬಂದ ಮೇಲೆ ವಾಪಸ್ ಕಳಿಸೋದು ಹೇಗೆ?” ಅವನು ಕಣ್ಣು ಮುಚ್ಚಿಕೊಂಡ. “ನಾನು ಹೋದ ಮೇಲೆ ನೀನು ಹೇಳಿಬಿಡು. ಹೋದ ಮೇಲೆ ಅಂದ್ರೆ, ಓಣಿ ದಾಟಿ ಹೋದ ಮೇಲೆ. ಮೊದಲೇ ಹೇಳಿ ಕೆಡಿಸಬೇಡ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದಾನೆ, ಅದೂ ಇಪ್ಪತ್ತೆರಡು ವರ್ಷ. ಅವಳಿಗೆ ಸಿಟ್ಟು ಬಂತು. ಆದರೆ ಹಳದಿ ಅಂಗಿ ಬಾಗಿಲ ಹಿಂದೆ ನೇತಾಡುತ್ತಿತ್ತು. ಅದನ್ನು ನೋಡಿದ ಮೇಲೆ ಬೈಯಲು ಅವಳಿಗೆ ಬಾಯಿ ಬರಲಿಲ್ಲ.

*

“ಗೇಟು ತೆಗಿ ಮೆಲಕಿ!” ಎಂದು ಕಾಲ್ಮನ್ ಪೆಟ್ಟಿಗೆಯ ಅಡಿಯಿಂದಲೇ ಗುಡುಗಿದ. “ಹೆಣಕ್ಕೆ ಅಡ್ಡ ನಿಂತೋನು ಉದ್ಧಾರ ಆಗಿದ್ದು ನಾನು ಕಂಡಿಲ್ಲ. ತೆಗೀತೀಯೋ, ಒದ್ದು ತೆಗೀಲೋ?”

“ನಿನ್ನ ಹೆಗಲ ಮೇಲಿರೋದನ್ನ ಬೀಳಿಸದೆ ಒದೆಯೋ ಹಾಗಿದ್ರೆ ಒದಿ,” ಎಂದ ಮೆಲಕಿ.

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು.

ಅಟ್ರಾಕ್ಟ ಪೆಟ್ಟಿಗೆಯನ್ನು ದಾಟಿ ಮುಂದೆ ಬಂದಳು. ಏನೂ ಹೇಳದೆ ಬೇಡಿಕೊಂಡರೆ ಇವನು ತೆಗೆದರೂ ತೆಗೆಯಬಹುದು. ಕೋಟು ತೊಟ್ಟು ಬಂದಿದ್ದಾನೆ. ನಿಜ ಹೇಳಿದರೆ ಇಡೀ ಊರಿನೆದುರು ಗಂಡನ ಮಾನವೂ ಹೋಗಬಹುದು, ಅವನ ದಾರಿಯೂ ಹೋಗಬಹುದು. ಆದರೆ ಸುಳ್ಳಿನ ಮೇಲೆ ಅವನನ್ನು ಹೊರಿಸಿಕೊಂಡು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

“ಮೆಲಕಿ, ಮೊದಲು ನನ್ನ ಮಾತು ಕೇಳು. ಆಮೇಲೆ ತೆಗೆಯೋದು ಬಿಡೋದು ನಿನ್ನಿಷ್ಟ. ನೀನು ಬೇಡ ಅಂದ್ರೆ ನಾವು ಹೆದ್ದಾರಿ ಸುತ್ತಿ ಹೋಗ್ತೀವಿ, ಯಾರೂ ಒಂದು ಮಾತಾಡಲ್ಲ.”

“ಅತ್ತಿಗೆ, ಏನಿದು...” ಎಂದ ಕಾಲ್ಮನ್.

“ನೀನು ಹೊರೋ ಕೆಲಸ ನೋಡು. ಮೆಲಕಿ, ಅವತ್ತು ಗೇಟು ಬಿಟ್ಟು ಹೋದೋರು ಡಚ್ಚರಲ್ಲ. ಈ ಪೆಟ್ಟಿಗೆಯಲ್ಲಿ ಮಲಗಿದ್ದಾನಲ್ಲ, ಇವನು. ನಿನ್ನ ಕಡಸು ಸತ್ತದ್ದು ಇವನಿಂದ. ಓಣಿ ದಾಟಿದ ಮೇಲೆ ಹೇಳು ಅಂದಿದ್ದ, ನಾನು ಮುಂಚೆಯೇ ಹೇಳ್ತಿದ್ದೀನಿ. ಮದುವೆಯಾದ ನಲವತ್ತೊಂದು ವರ್ಷದಲ್ಲಿ ಇವನು ನನಗೆ ಎದುರು ಮಾತಾಡೋಕೆ ಆಗದೆ ಇರೋದು ಇವತ್ತೇ.”

ಫಿಂಟನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಮೆಲಕಿ ಗೇಟಿನ ಮೇಲಿನ ಸರಳಿಗೆ ಎರಡೂ ಕೈ ಊರಿದ. “ಗೊತ್ತು,” ಎಂದ.

“ಗೊತ್ತಾ?”

“ಡಚ್ಚರು ಒಡ್ಡು ಕಟ್ಟಿ ಸಮುದ್ರಕ್ಕೇ ಬಾಗಿಲು ಹಾಕಿದ ಜನ ಕಣಮ್ಮ. ನನ್ನ ಗೇಟು ಬಿಟ್ಟು ಹೋಗ್ತಾರಾ?” ಅವನು ಪೆಟ್ಟಿಗೆಯ ಕಡೆ ನೋಡಿದ. “ಅವರಲ್ಲೊಬ್ಬ ಗೇಟು ಹಾಕೋಕೆ ಅಂತ ಹಿಂದಕ್ಕೆ ತಿರುಗಿದ್ದ. ಇವನು ‘ನಾನು ಹಾಕ್ತೀನಿ, ನೀನು ಹೋಗು, ಮುಂದೆ ನೋಡು’ ಅಂತ ಅವನನ್ನ ಓಡಿಸಿದ. ನಾನು ಕೊಟ್ಟಿಗೆಯಿಂದ ಕೇಳಿಸಿಕೊಂಡೆ. ಇವನು ಹಾಕಿರ್ತಾನೆ ಅಂತ ನಂಬಿ ಬಂದು ನೋಡಲಿಲ್ಲ. ಅದು ನನ್ನ ತಪ್ಪು.”

“ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?”

“ಕಡಸು ಹೋದ್ರೆ ಇನ್ನೊಂದು ಬರುತ್ತೆ. ಅವನಾಗಿ ಬಂದು ಒಂದು ಮಾತು ಹೇಳಲಿ ಅಂತ ಬೀಗ ಹಾಕಿದೆ. ಒಂದು ವಾರ ಅಂದ್ಕೊಂಡಿದ್ದೆ.” ಮೆಲಕಿ ಕವಲಿನ ಕಡೆ ಕೈ ತೋರಿಸಿದ. “ದಿನಾ ಬೆಳಿಗ್ಗೆ ಅಲ್ಲಿ ಕವಲಲ್ಲಿ ಹಳದಿ ಅಂಗಿ ಹಾಕ್ಕೊಂಡು ನಿಂತಿರೋನು. ನಾನು ಕಿಟಕಿಯಿಂದ ನೋಡೋನು. ಇವತ್ತು ಬರ್ತಾನೆ, ಇವತ್ತು ಬರ್ತಾನೆ ಅಂತ.”

“ಬಂದಿದ್ದಾನೆ ನೋಡು,” ಎಂದಳು ಅಟ್ರಾಕ್ಟ.

“ಬೇಗ ಏನಾದ್ರೂ ಮಾಡಿ,” ಎಂದು ಹಿಂದಿನ ಹೆಗಲಿನಿಂದ ಒಬ್ಬ ನರಳಿದ. “ಕಡ್ಡಿ ಹಾಗಿದ್ದ ಅಂದ್ಕೊಂಡಿದ್ದೆ, ಒಳ್ಳೇ ಭಾರ ಇದ್ದಾನೆ.”

ಮೆಲಕಿ ಕೋಟಿನ ಜೇಬಿಗೆ ಕೈ ಹಾಕಿ ಬೀಗದಕೈ ತೆಗೆದ. ಅಡ್ಡ ನಿಲ್ಲಲು ಬಂದವನು ಬೀಗದಕೈ ಯಾಕೆ ತಂದ ಎಂದು ಕನ್ಸೆಪ್ಟ ಆಮೇಲೆ ತಿಂಗಳುಗಟ್ಟಲೆ ಕೇಳಿದ್ದುಂಟು. ಆದರೆ ಇಪ್ಪತ್ತೆರಡು ಮಳೆಗಾಲ ತಿಂದ ಬೀಗ ಜಗ್ಗಲಿಲ್ಲ. ಮೆಲಕಿ ತಿರುಗಿಸಿದ, ಗುದ್ದಿದ, ಶಪಿಸಲು ಬಾಯಿ ತೆರೆದು ಫಾದರ್ ಮುಖ ನೋಡಿ ಮುಚ್ಚಿದ.

ಅಟ್ರಾಕ್ಟ ಚೀಲದಿಂದ ಎಣ್ಣೆ ಕುಪ್ಪಿ ತೆಗೆದಳು. ಅಂಗಡಿಯಲ್ಲಿ ಸಾವಿರ ಸಲ ನೋಡಿದ್ದಂತೆಯೇ ಮೂತಿಯನ್ನು ಬೀಗದ ತೂತಿಗಿಟ್ಟು ತಳವನ್ನು ಎರಡು ಸಲ ಒತ್ತಿದಳು. ಸ್ವಲ್ಪ ಕಾದಳು. ಇನ್ನೊಂದು ಸಲ ಒತ್ತಿದಳು.

“ಈಗ ನೋಡು.”

ಬೀಗ ಕಳಚಿ ಹುಲ್ಲಿಗೆ ಬಿತ್ತು.

ಗೇಟು ತೆರೆದ ಮೇಲೆ ಮೆಲಕಿ ಪಕ್ಕಕ್ಕೆ ಸರಿಯಲಿಲ್ಲ. ಎದುರಿಗೆ ಹೆಣ ಬಂದರೆ ತಿರುಗಿ ಅದರ ಜೊತೆ ಮೂರು ಹೆಜ್ಜೆಯಾದರೂ ನಡೆಯಬೇಕೆಂಬುದು ನಮ್ಮಲ್ಲಿ ಶತ್ರುವಿಗೂ ತಪ್ಪದ ನೇಮ. ಅವನು ಕಾಲ್ಮನ್‌ನ ಭುಜ ತಟ್ಟಿ, “ಬಿಡು, ಮೂರು ಹೆಜ್ಜೆ ನನ್ನವು,” ಎಂದು ಪೆಟ್ಟಿಗೆಯ ಮೂಲೆಯನ್ನು ತನ್ನ ಹೆಗಲಿಗೆ ತೆಗೆದುಕೊಂಡ. ಮೂರು ಹೆಜ್ಜೆ ಮುಗಿದವು. ಮೂವತ್ತೂ ಮುಗಿದವು. ಬದಲಿಗೆ ಬಂದ ಕಾಲ್ಮನ್‌ನನ್ನು ಅವನು ಕಣ್ಣಲ್ಲೇ ಹಿಂದಕ್ಕೆ ಕಳಿಸಿದ.

ಮಂದಿ ಬಿಳಿ ಹೂವಿನ ಅಡಿಯಲ್ಲಿ ಒಳಗೆ ಸಾಗಿದರು. ಅಟ್ರಾಕ್ಟ ಮಾತ್ರ ಗೇಟಿನ ಬಳಿ ನಿಂತಳು. ಬಾ ಎಂದು ಕನ್ಸೆಪ್ಟ ಕೈ ಹಿಡಿದು ಎಳೆದರೂ ಕದಲಲಿಲ್ಲ. ಹೆಂಗಸರು ದಾಟಿದರು, ಸೈಕಲ್ ತಳ್ಳಿಕೊಂಡು ಬಂದವರು ಒಬ್ಬೊಬ್ಬರಾಗಿ ದಾಟಿದರು. ಕಟ್ಟಕಡೆಗೆ ಜರ್ಮನಿಯ ಗಂಡಹೆಂಡಿರು ದಾಟಿದರು. ಆ ಹೆಂಗಸು ಗೇಟು ಹಾಕಲು ತಿರುಗಿದಳು. ಅಟ್ರಾಕ್ಟ ಬೇಡವೆಂದು ತಲೆಯಾಡಿಸಿ ಮುಂದಕ್ಕೆ ಕೈ ತೋರಿಸಿದಳು.

ಮಠ ಕಾಣುವ ತಿರುವಿನ ಹತ್ತಿರ ಪೆಟ್ಟಿಗೆ ನಿಂತಿತು. ಹೆಗಲ ಮೇಲಿನ ಭಾರಕ್ಕೆ ಹಿಂದೆ ತಿರುಗಲಾಗದೆ, ಮುಂದೆ ನೋಡಿಕೊಂಡೇ ಮೆಲಕಿ ಕೂಗಿದ:

“ಗೇಟು ಹಾಕಿದ್ರಾ?”

ಅಟ್ರಾಕ್ಟ ಗೇಟನ್ನು ಎಳೆದು ಚಿಲಕ ಬೀಳಿಸಿದಳು. ಅಲುಗಾಡಿಸಿ ನೋಡಿದಳು. ಇನ್ನೊಮ್ಮೆ ಅಲುಗಾಡಿಸಿದಳು.

“ಹಾಕಿದೀನಿ! ನಡೀರಿ!”