ಹದಿನಾಲ್ಕನೆಯ ತಾರೀಖಿನ ತೇವ

೧
ಎಲ್ಲಿಂದ ಶುರು ಮಾಡಲಿ? ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆಯಿಂದ. ಹಾಲಿನ ಪ್ಯಾಕೆಟ್ ಮೂರು ಬಂದವು. ಇನ್ನು ಎರಡು ಸಾಕು ಎಂದು ಯಾರೂ ಹೇಳಿರಲಿಲ್ಲ.

(ಈ ಹಾಲಿನ ವಾಕ್ಯ ಚೆನ್ನಾಗಿದೆ ಎಂದು ನಿಮಗನ್ನಿಸಿದರೆ ನನಗೆ ಸಿಟ್ಟು ಬರುತ್ತದೆ.)

೨
ಗೇಟಿನ ಪಕ್ಕ ಫ್ಲೆಕ್ಸ್ ಇನ್ನೂ ಇತ್ತು. ಅದರಲ್ಲಿ ನನ್ನ ಗಂಡ ಸಿದ್ದರಾಜು ನಗುತ್ತಿದ್ದ. ಕೆಳಗೆ: ‘ಬೇರೆ ಗ್ರಹದಲ್ಲಿ ನೀರು ಕಂಡ ಶ್ರೀನಗರ ಬಡಾವಣೆಯ ಹೆಮ್ಮೆಯ ಮಗ’. ಬರೆಸಿದ್ದು ಅತ್ತೆ, ನಾಗಲಕ್ಷ್ಮಮ್ಮ.

ನೀರಲ್ಲ, ನೀರಾವಿ. ಅದೂ ಸುಳ್ಳು.

೩
ಇಲ್ಲಿ ವಿಜ್ಞಾನ ಬರುತ್ತದೆ. ಬೋರಾದರೆ ಹಾರಿಸಿ. ಬೇಡ, ಹಾರಿಸಬೇಡಿ.

ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ, ಗ್ರಹದ ಗಾಳಿಯನ್ನು ತೂರಿ ಬರುವ ಬೆಳಕಿನಲ್ಲಿ ಆ ಗಾಳಿಯ ಗುರುತಿರುತ್ತದೆ. ಅದೇ ಬೆಳಕು ನಮ್ಮ ಗಾಳಿಯನ್ನೂ ದಾಟಿ ಟೆಲಿಸ್ಕೋಪಿಗೆ ಬರಬೇಕು. ನಮ್ಮ ತೇವವನ್ನು ಕಳೆಯಲು ಅದೇ ರಾತ್ರಿ ಪಕ್ಕದ ಇನ್ನೊಂದು ನಕ್ಷತ್ರವನ್ನೂ ನೋಡಿ ಹೋಲಿಸುತ್ತಾರೆ. ಸಿದ್ದರಾಜು ಗ್ರಹ ನೋಡಿದ್ದು ಹದಿನಾಲ್ಕನೆಯ ತಾರೀಖು, ಗಾಳಿ ತೇವವಾಗಿದ್ದಾಗ. ಹೋಲಿಸಿದ್ದು ಹನ್ನೆರಡರ ಒಣ ರಾತ್ರಿಯ ನಕ್ಷತ್ರದ ಜೊತೆ. ಕಳೆಯದೆ ಉಳಿದ ನಮ್ಮ ತೇವ ಗ್ರಹದ್ದೆಂಬಂತೆ ಕಂಡಿತು.

ಸಾಯುವ ಹಿಂದಿನ ದಿನ ನೋಟ್‌ಬುಕ್ಕಿನಲ್ಲಿ ಬರೆದಿದ್ದ: ‘ತಪ್ಪು ಮಾಡಿದೆ. ನೀರು ನಮ್ಮದೇ. ಸರ್‌ಗೆ ಹೇಳಬೇಕು.’

೪
ಸಾವಿನ ದೃಶ್ಯ. ಮೂರು ಸಲ ಬರೆದು ಮೂರನ್ನೂ ಅಳಿಸಿದೆ. ಮಡಿವಾಳದ ರಸ್ತೆ, ಬೈಕು, ಲಾರಿ. ಸಾಕು.

೫
ಅವನ ಪಿಎಚ್‌ಡಿ ಗೈಡ್ ಭೀಮರಾಯರ ಫೋನು.

“ಅವನು ನನ್ನಿಂದ ತಗೊಂಡ್ಹೋಗಿದ್ದ ಹಾರ್ಡ್ ಡಿಸ್ಕ್ ಬೇಕಿತ್ತಮ್ಮ. ಪೇಪರ್ ಜರ್ನಲ್‌ಗೆ ಕಳಿಸ್ಬೇಕು.”

“ಪೇಪರ್ ತಪ್ಪು ಸಾರ್. ಅವ್ರೇ ಬರೆದಿಟ್ಟಿದ್ದಾರೆ.”

“ಈಗ ಯಾಕಮ್ಮ ಅದೆಲ್ಲ? ಅವನ ಹೆಸರು ಉಳೀಲಿ.”

(ಪೇಪರಿನಲ್ಲಿ ಎರಡನೆಯ ಹೆಸರು ಯಾರದು ಎಂದು ನಾನು ಕೇಳಲಿಲ್ಲ. ನೀವು ಕೇಳಿ.)

೬
ಸಿದ್ದರಾಜು ಕಥೆಯೊಳಗೆ ತಲೆ ಹಾಕುತ್ತಾನೆ. “ಬಿಡೇ. ಅಮ್ಮಂಗೆ ಅದೊಂದೇ ಉಳಿದಿರೋದು.”

“ಹಂಗಿದ್ರೆ ಯಾಕೋ ಬರೆದಿಟ್ಟೆ? ನನ್ ತಲೆಗೆ ಕಟ್ಟಿ ಹೋಗಕ್ಕಾ?”

ತಲೆ ಹಿಂದಕ್ಕೆಳೆದುಕೊಳ್ಳುತ್ತಾನೆ. ಬದುಕಿದ್ದಾಗಲೂ ಹೀಗೇ.

೭
ಅಂತ್ಯ ಒಂದು: ಡಿಸ್ಕ್ ಕೊಟ್ಟು ಸುಮ್ಮನೆ ಬರುತ್ತೇನೆ.

ಅಂತ್ಯ ಎರಡು: ಅತ್ತೆಗೆ ಹೇಳುತ್ತೇನೆ.

“ನೀರಿಲ್ವಾ?”

“ಇಲ್ಲ ಅತ್ತೆ. ಇಲ್ಲ ಅಂತ ಕಂಡುಹಿಡಿದಿದ್ದೂ ಅವ್ರೇ.”

“ಹಂಗಾದ್ರೆ ಆ ಫ್ಲೆಕ್ಸ್‌ನೋನು ಇನ್ನೊಂದ್ಸಲ ಬರ್ಕೊಡ್ತಾನಾ ಕೇಳು.”

(ಎಷ್ಟು ಸಲೀಸು! ಅತ್ತೆಗೆ ಇನ್ನೂ ಹೇಳಿಲ್ಲ.)

೮
ನಡೆದದ್ದು ಇಷ್ಟು. ಜೆ.ಪಿ. ನಗರದಲ್ಲಿ ಭೀಮರಾಯರ ಮನೆ ಬಾಗಿಲಲ್ಲಿ ಡಿಸ್ಕ್ ಕೊಟ್ಟೆ. ನೋಟ್‌ಬುಕ್ಕಿನ ಆ ಪುಟದ ಜೆರಾಕ್ಸನ್ನು ಅದಕ್ಕೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೆ.

“ಇದು ಬೇಕಿರ್ಲಿಲ್ಲಮ್ಮ,” ಎಂದು ಹಾಳೆ ಬಿಚ್ಚಿ ನನ್ನತ್ತ ಚಾಚಿದರು.

“ಅದೂ ನಿಮ್ದೇ ಸಾರ್. ನಿಮಗೆ ಹೇಳ್ಬೇಕು ಅಂತಾನೇ ಬರೆದಿದ್ರು.”

ನಾನು ತೆಗೆದುಕೊಳ್ಳಲಿಲ್ಲ. ಅವರ ಕೈ ಇನ್ನೂ ಹಾಗೇ ಚಾಚಿದೆ. ಅದನ್ನು ಕೆಳಗಿಳಿಸುವ ವಾಕ್ಯವನ್ನು ನಾನು ಬರೆಯುವುದಿಲ್ಲ.