ಮೂರನೇ ಮಿಷನ್ನಿನ ಬಕೆಟ್

ಹೊಗಳಿದರೆ ಮೈ ಉರಿಯುವ ಮನುಷ್ಯ ಯಾರಾದರೂ ಇದ್ದರೆ ಅದು ಆ ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರ್. ಮೂವತ್ತು ವರ್ಷದಿಂದ ಅಂಗಿಗಳಿಗೆ ಕತ್ತರಿ ಹಾಕುತ್ತಿದ್ದ ಅವನಿಗೆ ಈಚೆಗೆ ಮೂರನೇ ಮಿಷನ್ನಿನ ದರ್ಜಿ ಗಂಟುಬಿದ್ದಿದ್ದ. ಕತ್ತರಿಸಿದ ಬಟ್ಟೆ ಕೈಗೆ ಬಂದರೆ ಸಾಕು, "ಮಾಸ್ಟ್ರೇ, ನಿಮ್ಮ ಕೈ ಅಂದ್ರೆ ಕೈ!" ಎಂದು ಶುರು ಹಚ್ಚಿಕೊಳ್ಳುತ್ತಿದ್ದ. ಮಾಸ್ಟರ್ ಅವನಿಗೆ 'ಬಕೆಟ್' ಎಂದೇ ಹೆಸರಿಟ್ಟಿದ್ದ, ಕರೆಯುವುದೂ ಹಾಗೇ.

ಸೋಮವಾರ ಅವನು ಮತ್ತೆ ಅದೇ ರಾಗ ತೆಗೆದಾಗ ಮಾಸ್ಟರ್ ಗಿರಾಕಿಗಳ ಎದುರಿಗೇ ಕೂಗಾಡಿದ.

"ಬಕೆಟ್ ಹಿಡಿಯೋದು ಅಂದ್ರೇನು ಗೊತ್ತೇನಯ್ಯಾ? ಕೆಲಸ ಬರದೋನು ಬಾಯಲ್ಲಿ ಹೊಟ್ಟೆ ಹೊರೆಯೋದು! ನಾಳೆಯಿಂದ ಈ ಕಡೆ ತಲೆ ಹಾಕಬೇಡ!"

ದರ್ಜಿ ಗಲ್ಲಾದಲ್ಲಿದ್ದ ಯಜಮಾನನ ಕಡೆ ಒಮ್ಮೆ ನೋಡಿ, ಕನ್ನಡಕವನ್ನು ಜೇಬಿಗಿಳಿಸಿ ಹೊರಟುಹೋದ. ಪೀಡೆ ತೊಲಗಿತೆಂದು ಮಾಸ್ಟರ್ ನಾಲ್ಕು ದಿನ ಹಾಯಾಗಿದ್ದ.

ಶುಕ್ರವಾರ ಏಳು ಅಂಗಿಗಳು ವಾಪಸ್ಸು ಬಂದವು. ಒಂದರ ಎಡತೋಳು ಉದ್ದ, ಇನ್ನೊಂದರ ಕಾಲರ್ ವಾರೆ. ಹೊಲಿಯುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಾ, ತೇಪೆಗೆ ಚೂರುಬಟ್ಟೆ ಹುಡುಕಲು ಮಾಸ್ಟರ್ ಮೂರನೇ ಮಿಷನ್ನಿನ ಕೆಳಗಿನ ಚೀಲ ಎಳೆದ.

ಚೀಲದ ತುಂಬ ಬರೀ ಪಟ್ಟಿಗಳು. ಬೆರಳಗಲ, ಅರ್ಧ ಬೆರಳಗಲ, ನೂರಾರು. ಒಂದನ್ನು ಕಣ್ಣಿನ ಹತ್ತಿರ ಹಿಡಿದ. ಅದರ ಒಂದು ಅಂಚು ಸ್ಕೇಲಿನಷ್ಟು ನೇರ, ಅದು ದರ್ಜಿ ಕತ್ತರಿಸಿದ್ದು. ಇನ್ನೊಂದು ಅಂಚು ಡೊಂಕು, ಪಕ್ಕದಲ್ಲಿ ಸೀಮೆಸುಣ್ಣದ ಗೆರೆ. ಅದು ತಾನೇ ಕತ್ತರಿಸಿದ್ದು!

ಅಂಗಡಿಯ ಯಜಮಾನ ಮಾಸ್ಟರನ ಸ್ವಂತ ತಮ್ಮನೇ. ಪಟ್ಟಿಗಳನ್ನು ಅವನ ಮುಂದೆ ಸುರಿದು, "ಏನೋ ಇದು?" ಎಂದ.

ತಮ್ಮ ತಲೆ ತಗ್ಗಿಸಿದ. "ಎಂಟು ತಿಂಗಳಿಂದ ನಿನ್ನ ಕಣ್ಣು ಮಂಜಾಗ್ತಾ ಇದೆ ಅಣ್ಣಾ. ನೀನು ಊಟಕ್ಕೆ ಹೋದಾಗ ಅವನು ಎಲ್ಲಾ ಸರಿಮಾಡ್ತಿದ್ದ. ನಿನಗೆ ಅನುಮಾನ ಬರಬಾರದು, ಹೊಗಳ್ತಾ ಇರು ಅಂತ ನಾನೇ ಹೇಳಿದ್ದೆ. ಪಾಪ, ಅವನಿಗೆ ಹೊಗಳೋಕೂ ಬರ್ತಿರಲಿಲ್ಲ. ಆ ಮಾತು ನಾನೇ ಕಲಿಸಿದ್ದು."

"ಸೋಮವಾರ ಯಾಕೋ ಬಾಯಿ ಬಿಡಲಿಲ್ಲ?"

"ಬಿಡೋಕೆ ಹೋದೆ. ಗಿರಾಕಿಗಳ ಮುಂದೆ ಬೇಡ ಅಂತ ಅವನೇ ಕಣ್ಸನ್ನೆ ಮಾಡಿದ."

ಮಾಸ್ಟರ್ ಸ್ಟೂಲಿನ ಮೇಲೆ ಕುಸಿದ. "ಹಾಗಾದ್ರೆ ನನ್ನ ಕೈ ಹೋಯ್ತೇನೋ?"

"ಛೆ ಛೆ! ಅಣ್ಣಾ, ನಿನ್ನ ಕೈ ಅಂದ್ರೆ..." ಎನ್ನುತ್ತಾ ತಮ್ಮ ಗಕ್ಕನೆ ನಿಲ್ಲಿಸಿದ.

ಮಾಸ್ಟರ್ ಕತ್ತರಿಯನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿದ. ಹೋಗಿ ಕೈಮುಗಿದಾದರೂ ಅವನನ್ನು ಕರೆತರಬೇಕು. ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ಬಕೆಟ್ ಎನ್ನುವುದು ಬಿಟ್ಟರೆ ಅವನ ಹೆಸರೇನೆಂದು ಮಾಸ್ಟರಿಗೆ ನೆನಪಾಗಲಿಲ್ಲ.