ಕಂಡಕ್ಟರ್ ಹೊನ್ನೂರಪ್ಪನ ಹಸಿವು

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಓಡಾಡುತ್ತಿದ್ದ ಖಾಸಗಿ ಬಸ್ಸೊಂದಕ್ಕೆ ಹೊನ್ನೂರಪ್ಪ ಕಂಡಕ್ಟರ್. ವಯಸ್ಸು ಮೂವತ್ತೆಂಟು, ತೂಕ ನೂರಾ ನಾಲ್ಕು ಕಿಲೊ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಕ್ಕೆ ಬರುವಾಗ ಅವನೇ ಮೊದಲು ಕೂಗುತ್ತಿದ್ದ: "ಸರೀರಪ್ಪೋ, ಲಾರಿ ಬಂತು ಲಾರಿ!" ಬಸ್ಸಿಗೆ ಬಸ್ಸೇ ನಗುತ್ತಿತ್ತು. ಅವನೂ ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದ. ಇಂಥ ಖುಷಿ ಮನುಷ್ಯ ಈ ಲೈನಿನಲ್ಲೇ ಇಲ್ಲ ಎಂದು ಜನ ಹೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಒಂದು ದಿನ, ದೇಶನೂರಿನವರ ಅಕ್ಕಿ ಚೀಲ ಇಳಿಸಲು ಬಸ್ಸಿನ ಹಿಂದಿನ ಏಣಿ ಹತ್ತಿದವನು ಅರ್ಧದಲ್ಲೇ ನಿಂತುಬಿಟ್ಟ. ಬಲಗಾಲಿನ ಮೊಣಕಾಲು ಮೇಲಕ್ಕೂ ಬರಲೊಲ್ಲದು, ಕೆಳಕ್ಕೂ ಇಳಿಯಲೊಲ್ಲದು. ಡ್ರೈವರ್ ಎರ್ರಿಸ್ವಾಮಿ ಮತ್ತು ಇಬ್ಬರು ಪ್ರಯಾಣಿಕರು ಸೇರಿ ಅವನನ್ನು ಬೀರು ಇಳಿಸಿದ ಹಾಗೆ ಇಳಿಸಿಕೊಂಡರು. ಯಾರೋ ಚಪ್ಪಾಳೆ ತಟ್ಟಿದರು. "ಏಣಿಗೆ ನನ್ನ ಬಿಡಾಕ ಮನಸಿಲ್ಲ ನೋಡ್ರಿ" ಎಂದು ಹೊನ್ನೂರಪ್ಪ ಕೈ ಮುಗಿದ. ಮತ್ತೆ ನಗು.

ಮೊಣಕಾಲು ಮಾತ್ರ ನಗಲಿಲ್ಲ, ಬಾತುಕೊಂಡಿತು. ತೂಕ ಇಳಿಸದಿದ್ದರೆ ಕಂಡಕ್ಟರ್ ಕೆಲಸ ಮರೆತುಬಿಡು ಎಂದರು ಮೂಳೆ ಡಾಕ್ಟರು. ಅವನು ಹನ್ನೆರಡು ದಿನ ಹೊತ್ತಿಗೊಂದು ಜೋಳದ ರೊಟ್ಟಿ, ಮಜ್ಜಿಗೆಯ ಮೇಲಿದ್ದ. ಹದಿಮೂರನೆಯ ದಿನ ಕುರುಗೋಡಿನ ಹೋಟೆಲಿನಲ್ಲಿ ಎರಡು ಪ್ಲೇಟು ಮಂಡಕ್ಕಿ ವಗ್ಗರಣಿ, ಒಂಬತ್ತು ಮಿರ್ಚಿ ಬಜ್ಜಿ ಒಂದೇ ಸಲಕ್ಕೆ ಮುಗಿಸಿದ. ತಿಂಗಳೊಪ್ಪತ್ತಿನಲ್ಲಿ ತೂಕ ನೂರಾ ಆರಕ್ಕೆ ಏರಿತು. ಆಗ ಮೂಳೆ ಡಾಕ್ಟರು ಚೀಟಿ ಬರೆದು, ಬಳ್ಳಾರಿಗೆ ಹೊಸದಾಗಿ ಬಂದಿದ್ದ ಮನೋವೈದ್ಯೆ ಶಿವಬಸಮ್ಮನವರ ಹತ್ತಿರ ಕಳಿಸಿದರು.

ಬೋರ್ಡು ಓದಿದ ಹೊನ್ನೂರಪ್ಪನಿಗೆ ಸಿಟ್ಟು ಬಂತು. ಆದರೂ ನಗುತ್ತಲೇ ಒಳಗೆ ಹೋದ.

"ಡಾಕ್ಟರಮ್ಮ, ನನ್ನ ಹೊಟ್ಟಿ ದಪ್ಪ ಆಗೈತ್ರಿ, ತಲಿ ಕೆಟ್ಟಿಲ್ಲ. ದಾರಿ ತಪ್ಪಿ ಇಲ್ಲಿಗೆ ಕಳ್ಸ್ಯಾರ."

ಮೂವತ್ತು ದಾಟದ ಆಕೆ ನಗಲಿಲ್ಲ. "ಕುಂದರ್ರಿ. ನಿಮ್ಮ ತಲಿ ಚಲೋನೇ ಐತಿ. ತಿನ್ನು ಅಂತ ಹೇಳೋದು ಹೊಟ್ಟಿನೋ ತಲಿನೋ, ಅಷ್ಟು ನೋಡೋಣಂತ."

"ಏನು ಬಿಡಬೇಕ್ರಿ? ಅನ್ನ ಬಿಡ್ಲೇನು?"

"ಏನೂ ಬಿಡಬ್ಯಾಡ್ರಿ. ಹದಿನೈದು ದಿನ ಎಂದಿನಂಗ ತಿನ್ರಿ. ಆದ್ರ ತಿಂದಿದ್ದೆಲ್ಲಾ ಬರೀರಿ. ಎಷ್ಟೊತ್ತಿಗೆ, ಎಲ್ಲಿ, ಏನು ತಿಂದ್ರಿ, ಹಸಿವಿತ್ತೋ ಇಲ್ಲೋ. ಅದರ ಮುಂಚೆ ಏನಾಗಿತ್ತು."

ಇಂಥ ಔಷಧ ಅವನು ಕೇಳಿರಲಿಲ್ಲ. ಆದರೆ ಬರೆಯುವುದು ಅವನಿಗೆ ಹೊಸದಲ್ಲ. ಶರ್ಟಿನ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡು, ಕಿವಿಯ ಮೇಲಿನ ಪೆನ್ಸಿಲಿನಿಂದ ಒಂದು ಕಡಲೆಬೀಜವನ್ನೂ ಬಿಡದೆ ಬರೆದ. ಹದಿನಾರನೆಯ ದಿನ ಪುಸ್ತಕ ಹಿಡಿದುಕೊಂಡು ಶಾಲೆಯ ಹುಡುಗನಂತೆ ಆಕೆಯ ಮುಂದೆ ಕುಳಿತ. ಆಕೆ ಗಟ್ಟಿಯಾಗಿ ಓದಿದರು.

"ಕುರುಗೋಡು, ಹತ್ತೂವರಿ. ನಾಲ್ಕು ಮಿರ್ಚಿ. ಹಸಿವಿಲ್ಲ. ಮುಂಚೆ: ಕಂಡಕ್ಟರ್ ಇಳಿದ್ರ ಮೂರು ಮಂದಿ ಹತ್ತಬೋದು ಅಂದ್ಲು ಒಬ್ಬಾಕಿ. ನಾನೂ ನಕ್ಕೆ. ಸಿರುಗುಪ್ಪ, ಹನ್ನೆರಡು. ಉಂಡಿ ಮೂರು. ಹಸಿವಿಲ್ಲ. ಮುಂಚೆ: ಎರ್ರಿಸ್ವಾಮಿ ನನ್ನ ಸ್ಟೆಪ್ನಿ ಅಂದ. ಎಲ್ಲಾರೂ ನಕ್ರು, ನಾನೂ ನಕ್ಕೆ." ಆಕೆ ಪುಟ ತಿರುಗಿಸಿದರು. "ಮನಿ, ರಾತ್ರಿ ಊಟ. ಹಸಿವು ಐತಿ. ಎರಡು ರೊಟ್ಟಿ, ಅನ್ನ. ಮುಂಚೆ: ಏನೂ ಆಗಿಲ್ಲ."

ಪುಸ್ತಕ ಮೇಜಿನ ಮೇಲಿಟ್ಟರು. "ಹೊನ್ನೂರಪ್ಪ, ಹಸಿವಾದಾಗ ನೀವು ಎಲ್ಲಾರಂಗ ತಿಂತೀರಿ. ನಕ್ಕ ಮ್ಯಾಲೆ ಹೆಚ್ಚಿಗಿ ತಿಂತೀರಿ. ಇದರಾಗ ನಕ್ಕಿದ್ದೆಲ್ಲಾ ಐತಿ. ಸಿಟ್ಟು ಬಂದಿದ್ದು ಒಂದೂ ಇಲ್ಲ. ಬರಲೇ ಇಲ್ಲೇನು?"

ಹೊನ್ನೂರಪ್ಪ ಬಾಯಿ ತೆರೆದ. ಒಂದು ಚಟಾಕಿ ಸಿದ್ಧವಾಗಿಯೇ ಇತ್ತು, ಆದರೆ ಹೊರಗೆ ಬರಲಿಲ್ಲ. ಮೊಣಕಾಲು ಸವರಿಕೊಂಡ.

"ಸಾಲ್ಯಾಗ ಇದ್ದಾಗಿಂದ ಹಂಗೇ ಅದೀನ್ರಿ," ಎಂದ. "ಮಂದಿ ನಗೂಕ್ಕಿಂತ ಮುಂಚೆ ನಾನೇ ನಗಿಸಿಬಿಟ್ರ ನೋವು ಕಮ್ಮಿ ಆಕ್ಕೈತಿ ಅಂತ ಕಲ್ತೆ. ಕಮ್ಮಿ ಏನೂ ಆಗಲಿಲ್ಲರಿ. ಬಾಯಾಗ ಏನಾರ ಇದ್ರ ಆ ಹೊತ್ತು ನೋವು ಸುಮ್ಮನಿರತೈತಿ."

ಶಿವಬಸಮ್ಮ ತಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. ಅಂದು ಮೂರು ಕೆಲಸ ಹೇಳಿದರು. ಮೊದಲನೆಯದು, ನಿಂತುಕೊಂಡು ಅಥವಾ ಓಡುವ ಬಸ್ಸಿನಲ್ಲಿ ಏನೂ ತಿನ್ನಬಾರದು. ಕುಳಿತು, ತಟ್ಟೆಯಲ್ಲಿ ಹಾಕಿಕೊಂಡು, ಬಾಯಲ್ಲಿರುವುದು ಮುಗಿದ ಮೇಲೆ ಮುಂದಿನ ತುತ್ತು. ಎರಡನೆಯದು, ಕುರುಗೋಡಿನಲ್ಲಿ ಬಸ್ಸು ನಿಲ್ಲುವ ಹದಿನೈದು ನಿಮಿಷ ಹೋಟೆಲಿನ ಕಡೆ ಬೆನ್ನು ಮಾಡಿ ನಡೆಯಬೇಕು. ಮೂರನೆಯದು, ತನ್ನ ಮೈ ಬಗ್ಗೆ ತಾನು ಚಟಾಕಿ ಹಾರಿಸಬಾರದು. ಬೇರೆಯವರು ಹಾರಿಸಿದರೆ ಬೇಡ ಅನ್ನಬೇಕು.

"ಮೊದಲಿನ ಎರಡು ಮಾಡ್ತೀನ್ರಿ. ಮೂರನೇದು ಆಗಂಗಿಲ್ಲ."

"ಈಗ ಇಲ್ಲೇ ಮಾಡೋಣು ಬರ್ರಿ. ಇದು ಬಸ್ಸು. ನಾನು ಪ್ಯಾಸೆಂಜರ್." ಆಕೆ ಸೆರಗು ಬಿಗಿದು, ಸ್ವರ ಬದಲಿಸಿದರು. "ಏಮಯ್ಯಾ ಕಂಡಕ್ಟ್ರೂ! ನಿಂಗ ಎರಡು ಟಿಕೆಟ್ ಬೇಕಲ್ಲೋ?"

"ಹೌದ್ರಮ್ಮಾ, ತಪ್ಪಾತ್ರಿ," ಎಂದುಬಿಟ್ಟ ಹೊನ್ನೂರಪ್ಪ.

ಬಾಗಿಲಲ್ಲಿದ್ದ ನರ್ಸು ಕಿಸಕ್ಕನೆ ನಕ್ಕಳು. ಮತ್ತೆ ಮಾಡಿಸಿದರು. ಎರಡನೆಯ ಸಲ ತೊದಲಿದ. ಮೂರನೆಯ ಸಲಕ್ಕೆ ಕಿಟಕಿಯ ಗಾಜು ಅದುರುವಂತೆ ಕಿರುಚಿದ. ಅಷ್ಟು ಬೇಡ ಎಂದರು. ಮೂರು ವಾರದ ಅಭ್ಯಾಸದ ಮೇಲೆ ಒಂದು ಮಾತು ಅವನ ನಾಲಿಗೆಗೆ ಕುದುರಿತು: "ನನ್ನ ಮೈ ಸುದ್ದಿ ಬ್ಯಾಡ್ರಿ. ಎಲ್ಲಿಗೆ ಟಿಕೆಟ್ ಹೇಳ್ರಿ."

ಪ್ರಯಾಣಿಕರ ಮುಂದೆ ಆ ಮಾತು ನಡೆಯಿತು. ಹೆಚ್ಚಿನವರು ಪಾಪ ಅನ್ನಿಸಿ ಸುಮ್ಮನಾದರು. ಕಷ್ಟವಾದದ್ದು ಬೇರೆ ಕಡೆ.

ಮೊದಲನೆಯದು ಮನೆಯಲ್ಲಿ. ಹೆಂಡತಿ ಅಂಬಮ್ಮ ಕೇಳದೆಯೇ ಎರಡನೆಯ ಸಲ ಬಡಿಸುವವಳು. ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಾಗ ಅವಳ ಕಣ್ಣು ತುಂಬಿತು.

"ನನ್ನ ಕೈ ರುಚಿ ಸಾಕಾತೇನ್ರಿ?"

"ಸಾಕಾಗಿಲ್ಲ ಬಿಡು. ಇನ್ನೊಂದು ಸೌಟು ಹಾಕೋ ಬದ್ಲಿ ಇಲ್ಲಿ ಕುಂದ್ರು. ಇವತ್ತು ಏನು ಮಾಡಿದಿ ಹೇಳು."

ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವನು ಹಾಗೆ ಕೇಳಿರಲಿಲ್ಲ. ಅಂಬಮ್ಮ ಅನುಮಾನದಿಂದಲೇ ಕುಳಿತಳು. ಎಮ್ಮೆ ಕರು ಹಾಕಿದ್ದರಿಂದ ಶುರುವಾದ ಮಾತು ಅವಳ ತಂಗಿಯ ಗಂಡನ ಜಿಪುಣತನದವರೆಗೆ ಹೋಯಿತು. ತಟ್ಟೆ ಒಣಗಿದರೂ ಇಬ್ಬರೂ ಏಳಲಿಲ್ಲ. ಮರುದಿನದಿಂದ ಅವಳೇ ಸೌಟು ದೂರ ಇಟ್ಟು ಬಂದು ಕುಳಿತುಕೊಳ್ಳತೊಡಗಿದಳು.

ಎರಡನೆಯದು ಎರ್ರಿಸ್ವಾಮಿ. ಹತ್ತು ವರ್ಷದ ಗೆಳೆಯ, ಕಷ್ಟಕ್ಕೆ ಮೊದಲು ಬರುವವನು. ಅವನಿಗೆ ಬೇಡ ಅನ್ನುವುದು ಹೇಗೆ? ಎಂಟು ದಿನ ಮುಂದಕ್ಕೆ ಹಾಕಿದ. ಒಂಬತ್ತನೆಯ ದಿನ ಸಿರುಗುಪ್ಪದ ಸ್ಟ್ಯಾಂಡಿನಲ್ಲಿ ಎರ್ರಿಸ್ವಾಮಿ ಜನರ ನಡುವೆ ಕೂಗಿದ: "ಎಲ್ಲಿ ಹೋದನಲೇ ನನ್ನ ಸ್ಟೆಪ್ನಿ?"

ಹೊನ್ನೂರಪ್ಪ ಡ್ರೈವರ್ ಬಾಗಿಲ ಕೆಳಗೆ ಹೋಗಿ ನಿಂತ. "ಎರ್ರಿ, ಹಂಗ ಕರೀಬ್ಯಾಡಲೇ. ನೀನು ಕರದಾಗ ಎಲ್ಲಾರಿಗಿಂತ ಹೆಚ್ಚು ಮನಸಿಗೆ ಹತ್ತತೈತಿ."

"ಇಷ್ಟು ವರ್ಷ ನೀನೂ ನಗತಿದ್ದೆಲ್ಲಲೇ!"

"ನಗತಿದ್ದೆ. ಆಮ್ಯಾಗ ಹೋಗಿ ಉಂಡಿ ತಿಂತಿದ್ದೆ."

ಎರ್ರಿಸ್ವಾಮಿ ಮುಖ ಗಂಟಿಕ್ಕಿ ಗೇರು ಹಾಕಿದ. ಒಂದು ವಾರ ಇಬ್ಬರ ನಡುವೆ ಸೀಟಿ, ಹಾರ್ನು ಬಿಟ್ಟರೆ ಮಾತಿಲ್ಲ. ಆ ವಾರ ಹೊನ್ನೂರಪ್ಪ ಎರಡು ಸಲ ಹೋಟೆಲಿಗೆ ಹೋಗಿ ಮಿರ್ಚಿ ತಿಂದ, ಅದನ್ನೂ ಬರೆದ: "ಹಸಿವಿಲ್ಲ. ಮುಂಚೆ: ಎರ್ರಿ ಮಾತಾಡಲಿಲ್ಲ. ಬ್ಯಾಸರ." ಶಿವಬಸಮ್ಮ ಬೈಯಲಿಲ್ಲ. "ಬ್ಯಾಸರ ಅಂತ ಬರದೀರಿ. ಇದು ನನಗ ಸಾಕು," ಎಂದರು.

ಎಂಟನೆಯ ದಿನ ಅವನು ಕುರುಗೋಡಿನಲ್ಲಿ ಎಂದಿನಂತೆ ಹೋಟೆಲಿಗೆ ಬೆನ್ನು ಮಾಡಿ ನಡೆಯುತ್ತಿದ್ದಾಗ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ಎರ್ರಿಸ್ವಾಮಿ. ಬಂದು ಜೊತೆಗೆ ಹೆಜ್ಜೆ ಹಾಕಿದ.

"ನನಗ ಗೊತ್ತಿರಲಿಲ್ಲೋ ಹೊನ್ನೂರ," ಎಂದ.

"ನನಗೂ ಗೊತ್ತಿರಲಿಲ್ಲ ಬಿಡು."

ವರ್ಷ ತುಂಬುವ ಹೊತ್ತಿಗೆ ಹದಿನಾಲ್ಕು ಕಿಲೊ ಇಳಿದಿತ್ತು. ಕಿರಿಯ ನಾದಿನಿಯ ಮದುವೆಯಲ್ಲಿ ಎರಡು ಕಿಲೊ ವಾಪಸು ಬಂತು. ತೆಳ್ಳಗಿನವನೇನೂ ಆಗಲಿಲ್ಲ, ಆದರೆ ಮೊಣಕಾಲು ಬಾಗುತ್ತಿತ್ತು. ಬಸ್ಸಿನಲ್ಲಿ ಈಗಲೂ ನಗಿಸುತ್ತಿದ್ದ. ರಸ್ತೆಯ ಗುಂಡಿಗಳು, ಕೊಡೆ ಮರೆತು ಇಳಿಯುವವರು, ಕೋಳಿಗೂ ಸೀಟು ಹಿಡಿಯುವವರು, ಅವನ ಚಟಾಕಿಗೆ ವಿಷಯ ಬೇಕಾದಷ್ಟಿತ್ತು.

ಒಂದು ಮಧ್ಯಾಹ್ನ ಕುರುಗೋಡಿನಲ್ಲಿ ನಡೆಯುವಾಗ ಎರ್ರಿಸ್ವಾಮಿ ಏದುಸಿರು ಬಿಡುತ್ತ ನಿಂತ. ಕೈಯಲ್ಲಿ ಆ ದಿನದ ಹದಿನೆಂಟನೆಯ ಬೀಡಿ.

"ಹೊನ್ನೂರ, ನಿಮ್ಮ ಡಾಕ್ಟರಮ್ಮ ಬೀಡಿಗೂ ಬರಸ್ತಾರೇನಲೇ?"

ಹೊನ್ನೂರಪ್ಪ ಕಿವಿಯ ಮೇಲಿನ ಪೆನ್ಸಿಲು ತೆಗೆದು ಅವನ ಕೈಗಿಟ್ಟ. "ಮೊದಲು ಬರಿ. ಈಗ ಸೇದಿದ್ದರ ಮುಂಚೆ ಏನಾತು?"

ಎರ್ರಿಸ್ವಾಮಿ ತಲೆ ಕೆರೆದುಕೊಂಡು ಯೋಚಿಸುತ್ತ ನಿಂತ. ಅತ್ತ ಬಸ್ಸಿನ ಜನ ಹೊತ್ತಾಯಿತೆಂದು ತಾವೇ ಹಾರ್ನು ಒತ್ತತೊಡಗಿದ್ದರು.